ಎರಡು ಊರು, ಒಂದು ವೀಸಾ ಮತ್ತು ನಮ್ಮ ವಕೀಲರು

ವಕೀಲರ ಬಲಗಿವಿಯ ಮೇಲಂಚಿನಲ್ಲಿ ಒಂದು ಭಿಕಬಾಳಿ ಇತ್ತು. ಬಂಗಾರದ ತಂತಿಯಲ್ಲಿ ಪೋಣಿಸಿದ ಎರಡು ಮುತ್ತು, ನಡುವೆ ಒಂದು ಕೆಂಪು ಹರಳು. ಸಂಸ್ಥಾನದ ಕಾಲದಲ್ಲಿ ಜಮಖಂಡಿಯ ದೊಡ್ಡ ಮನೆತನದ ಗಂಡಸರು ಹಾಕುತ್ತಿದ್ದ ಆ ಒಡವೆ, ನಾನು ಅವರನ್ನು ಕಂಡ ಹೊತ್ತಿಗೆ ಊರಿನಲ್ಲಿ ಅವರ ಕಿವಿಯಲ್ಲಷ್ಟೇ ಉಳಿದಿತ್ತು. ಸಿಟ್ಟು ಬಂದರೆ ಅವರ ಮುಖದಲ್ಲಿ ಏನೂ ತೋರುತ್ತಿರಲಿಲ್ಲ, ದನಿಯೂ ಏರುತ್ತಿರಲಿಲ್ಲ. ಆ ಮುತ್ತುಗಳು ಮಾತ್ರ ಸಣ್ಣಗೆ ಅಲುಗುತ್ತಿದ್ದವು. ಹಾಗಾಗಿ ಕಕ್ಷಿದಾರರು ಅವರ ಮುಖ ಬಿಟ್ಟು ಕಿವಿ ನೋಡುತ್ತ ಕೂಡುತ್ತಿದ್ದರು. ನಾನೂ ಹಾಗೆಯೇ ಕೂತವನು.

ರಬಕವಿಯಲ್ಲಿ ನಮ್ಮದು ನೇಕಾರರ ಮನೆ. ಅಪ್ಪನಿಗೂ ಪಕ್ಕದ ಮನೆಯವನಿಗೂ ಮಗ್ಗದ ಕೋಣೆಯ ಗೋಡೆಗಾಗಿ ಜಗಳ ಹತ್ತಿ, ಅದು ಜಮಖಂಡಿ ಕೋರ್ಟಿನ ಮೆಟ್ಟಿಲು ಏರಿತ್ತು. ಆಗ ಅಪ್ಪ ಹಿಡಿದ ವಕೀಲರು ಇವರು. ಮೊದಲ ದಿನವೇ ಅಪ್ಪ ಎದೆ ಉಬ್ಬಿಸಿಕೊಂಡು ತನ್ನ ನ್ಯಾಯ ಹೇಳಲು ಬಾಯಿ ತೆರೆದರೆ ಇವರು ಕೈ ಎತ್ತಿ ತಡೆದರಂತೆ. "ನಿಂದು ಆಮ್ಯಾಲ. ಮೊದಲ ನಿನ್ನ ಎದುರಿನವಾ ಏನಂತಾನ ಅದನ್ನ ಹೇಳು. ಅವನಾಗಿ ಹೇಳು." ಅಪ್ಪ ತಡವರಿಸುತ್ತ ನೆರೆಯವನ ಪರವಾಗಿ ಮಾತಾಡಿದ. ಮಾತಾಡುತ್ತ ಹೋದಂತೆ ಅವನದ್ದೂ ಒಂದಿಷ್ಟು ಖರೆ ಅನ್ನಿಸತೊಡಗಿತಂತೆ. ಕಡೆಗೆ ಗೋಡೆ ಇಬ್ಬರದ್ದೂ ಆಯಿತು. ಅಪ್ಪ ಮನೆಗೆ ಬಂದು, "ಗೆದ್ನೋ ಸೋತ್ನೋ ತಿಳೀವಲ್ದು, ಆದ್ರ ರಾತ್ರಿ ನಿದ್ದಿ ಬರಾಕತ್ತೇತಿ" ಅಂದಿದ್ದ.

ಅದು ಅವರ ಪದ್ಧತಿ. ಯಾರೇ ಬರಲಿ, ಮೊದಲು ಎದುರು ಪಕ್ಷವಾಗಬೇಕು. ಸೊಸೆಯ ಮೇಲೆ ದೂರು ತಂದ ಅತ್ತೆ ಮೊದಲು ಸೊಸೆಯಾಗಬೇಕು. ಹೊಲದ ಬದು ಒತ್ತಿದವನ ಮೇಲೆ ಬಂದವನು ಮೊದಲು ಬದು ಒತ್ತಿದವನಾಗಬೇಕು. ಕೇಳುತ್ತ ಅವರು ತಟ್ಟೆಯಲ್ಲಿದ್ದ ಶೇಂಗಾ ಬಿಡಿಸಿ ಬಿಡಿಸಿ ನಮ್ಮ ಕಡೆ ಸರಿಸುತ್ತಿದ್ದರು, ತಾವು ತಿನ್ನುತ್ತಿರಲಿಲ್ಲ. ಸುಳ್ಳಿನ ವಾಸನೆ ಬಂದರೆ ಬಿಡಿಸುವುದನ್ನು ನಿಲ್ಲಿಸುತ್ತಿದ್ದರು. ಅವರ ಮನೆಯಿಂದ ಹೊಟ್ಟೆ ತುಂಬ ಶೇಂಗಾ ತಿಂದು ಬಂದವನು ಪ್ರಾಮಾಣಿಕ ಅಂತ ನಮ್ಮ ಕಡೆ ನಗೆಚಾಟಿಕೆಯ ಮಾತೊಂದು ಹುಟ್ಟಿತ್ತು.

ಅವರದ್ದೇ ಇನ್ನೊಂದು ಮಾತು: "ಸರಕಾರ ಅಂದ್ರ ಎಮ್ಮಿ ಇದ್ದಂಗ. ಹಿಂದಿಂದ ಹೋದ್ರ ಒದೀತದ. ಮುಂದ ನಿಂತು ಕರದ್ರ ಬರ್ತದ. ಸಾವಕಾಶ ಬರ್ತದ, ಖರೆ, ಆದ್ರ ಬರ್ತದ."

ಅವರು ದೇವರಂಥವರು ಅಂತ ನಾನು ಬರೆಯುವುದಿಲ್ಲ. ಬರೆದರೆ ಅವರೇ ಶೇಂಗಾ ಬಿಡಿಸುವುದನ್ನು ನಿಲ್ಲಿಸಿಯಾರು. ಮಡಿ ಮೈಲಿಗೆಯ ಮನೆ ಅದು. ಪಡಸಾಲೆಯ ಗೋಡೆಯ ಗೂಡಿನಲ್ಲಿ ನಮ್ಮಂಥ ಮುಸಲ್ಮಾನರಿಗೆ, ಬೇರೆಯವರಿಗೆ ಅಂತ ಒಂದು ಸ್ಟೀಲಿನ ಲೋಟ ಬೇರೆಯೇ ಇತ್ತು. ಅದರಲ್ಲಿ ನಾನು ಎಷ್ಟೋ ಸಲ ನೀರು ಕುಡಿದು, ನಾನೇ ತೊಳೆದು ಗೂಡಿನಲ್ಲಿ ಇಟ್ಟಿದ್ದೇನೆ. ಆದರೂ ನನ್ನ ಬಾಳು ನೆಟ್ಟಗಾದದ್ದು ಆ ಪಡಸಾಲೆಯಲ್ಲೇ.

ಎಂಬತ್ತರ ದಶಕ ಶುರುವಾದ ಕಾಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ವಯಸ್ಸು ಮೂವತ್ತರ ಹತ್ತಿರ ಬಂದರೂ ಮದುವೆಯ ಮಾತು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಅಂಥದರಲ್ಲಿ ಕರಾಚಿಯಿಂದ ನಮ್ಮ ಖಾಲಾ ಬಂದಳು. ಖಾಲಾ ಅಂದರೆ ನನ್ನ ಅವ್ವನ ಅಕ್ಕ. ಅವಳ ಗಂಡ ಮುಂಬಯಿಯ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಕೆಲಸಕ್ಕಿದ್ದವನು, ದೇಶ ಎರಡಾದಾಗ ಜೊತೆಯವರೊಂದಿಗೆ ಹಡಗು ಹತ್ತಿ ಕರಾಚಿಗೆ ಹೋಗಿಬಿಟ್ಟಿದ್ದ. ಅವನು ತೀರಿಕೊಂಡ ಮೇಲೆ, ಸಾಯುವುದರೊಳಗೆ ತಂಗಿಯ ಮುಖ ನೋಡಬೇಕು ಅಂತ ಖಾಲಾ ಮಗಳನ್ನು ಕರೆದುಕೊಂಡು ಬಂದಿದ್ದಳು. ಕೆಲವು ತಿಂಗಳ ವೀಸಾ. ಅದರಲ್ಲಿ ಇರಬಹುದಾದ ಊರು ಅಂತ ಒಂದೇ ಹೆಸರು: ರಬಕವಿ. ಬಂದ ಕೂಡಲೇ ಪೊಲೀಸ್ ಚೌಕಿಗೆ ಹೋಗಿ ಹೇಳಬೇಕು, ಹೊರಡುವಾಗಲೂ ಹೇಳಬೇಕು, ನಡುವೆ ಹವಾಲ್ದಾರ ಬಂದು ನೋಡಿಕೊಂಡು ಹೋಗುತ್ತಾನೆ.

ಆ ಮಗಳು ಕರಾಚಿಯ ಗಲ್ಲಿಯಲ್ಲಿ ಹುಟ್ಟಿ ಬೆಳೆದವಳು, ಆದರೆ ಆಡುತ್ತಿದ್ದದ್ದು ನಮ್ಮ ರಬಕವಿಯ ಕನ್ನಡ. ಅದೂ ಖಾಲಾ ಊರು ಬಿಟ್ಟ ದಿನಕ್ಕೆ ನಿಂತುಹೋದ ಕನ್ನಡ. ನಮ್ಮ ಅಜ್ಜಿಯರೇ ಮರೆತ ಮಾತುಗಳು ಆ ಹುಡುಗಿಯ ಬಾಯಲ್ಲಿ ಸಲೀಸಾಗಿ ಬರುತ್ತಿದ್ದವು. ಕರೆಂಟಿನ ಬಲ್ಬಿಗೆ ಕಂದೀಲು ಅನ್ನುವಳು. ನಳ ಬಂದರೆ, "ಸಂಸ್ಥಾನದವರು ನೀರ ಬಿಟ್ರೇನ್ರಿ?" ಅಂತ ಕೇಳುವಳು. ಬೆಳಿಗ್ಗೆ ಕಣ್ಣುಜ್ಜುತ್ತ ಬಂದು, "ಮುಂಗೋಳಿ ಕೂಗಿದ ಮ್ಯಾಲ ನಿದ್ದೀನ ಹತ್ತಲಿಲ್ಲ ನೋಡ್ರಿ" ಅನ್ನುವಳು. ಕನ್ನಡ ಮಾಸ್ತರನ ಗತಿ ಏನಾಗಬೇಕು? ಮೊದಮೊದಲು ಅವಳ ಮಾತು ಕೇಳಲು ಶಾಲೆಯಿಂದ ಬೇಗ ಬರುತ್ತಿದ್ದೆ. ಆಮೇಲೆ ಅವಳು ಸುಮ್ಮನೆ ಕೂತಿದ್ದರೂ ಬೇಗ ಬರತೊಡಗಿದೆ. ಅವ್ವ ಮತ್ತು ಖಾಲಾ ಇಬ್ಬರೂ ಇದನ್ನು ನನಗಿಂತ ಮೊದಲೇ ಕಂಡುಹಿಡಿದಿದ್ದರು. ಅವಳನ್ನು ಕೇಳಿದಾಗ, "ನನಗೂ ಈ ಊರ ಬಿಟ್ಟು ಹೋಗೂ ಮನಸಿಲ್ಲ" ಅಂದಳಂತೆ. ಊರು ಅಂದರೆ ನಾನೇ ಅಂತ ನಾನು ಅರ್ಥ ಮಾಡಿಕೊಂಡೆ.

ಮದುವೆ ನಿಂತಿತು, ಅಂದರೆ ಗಟ್ಟಿಯಾಯಿತು. ವೀಸಾದ ಮುದ್ದತು ಮಾತ್ರ ನಿಲ್ಲದೆ ಓಡುತ್ತಿತ್ತು. ಹೇಗೆ ಮಾಡಿದರೆ ಅವಳು ಇಲ್ಲಿ ನನ್ನ ಹೆಂಡತಿಯಾಗಿ ಉಳಿದಾಳು? ಅಪ್ಪ ಆಗಲೇ ತೀರಿಕೊಂಡಿದ್ದ, ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ದಾರಿ. ಮಾಮು, ಅವ್ವನ ತಮ್ಮ, ಧೈರ್ಯಸ್ಥ. "ನಿಕಾಹ ಮಾಡಿ ಒಳಗ ಇಟ್ಟಬಿಡ್ರಿ. ಇಷ್ಟು ಮಗ್ಗದ ಸಪ್ಪಳದಾಗ ಯಾರು ಹುಡುಕ್ತಾರ?" ಅಂದ. ಖಾಲಾ ಮೆಲ್ಲಗೆ, "ಹುಡುಗನ ಅಲ್ಲಿಗೆ ಬರ್ಲಿ" ಅಂದಳು. ಅವ್ವ ಅತ್ತು ಆ ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಅವ್ವನ ಲೆಕ್ಕ ಬೇರೆ: ಈಗಲೇ ಮದುವೆ ಮಾಡಿ, ಮುದ್ದತು ಹೆಚ್ಚಿಸಿ ಅಂತ ಅರ್ಜಿ ಹಾಕಿ, ಬರುವವರೆಗೆ ಇಲ್ಲೇ ಕೂತುಬಿಡುವುದು. ನನಗೂ ಅದೇ ಸರಿ ಅನ್ನಿಸಿತ್ತು. ವಕೀಲರು ಹೂಂ ಅಂದರೆ ಸಾಕು ಅಂತ ಜಮಖಂಡಿಗೆ ಹೋಗಿ ಎಲ್ಲರ ದಾರಿಯನ್ನೂ ಹೇಳಿದೆ.

"ಹಂಗಾದ್ರ ನೀ ಈಗ ಸರಕಾರ. ಹೇಳು, ಆಕಿನ್ನ ಯಾಕ ಇಟ್ಟಗೋಬಾರದು?" ಅಂದರು. ಒಂದು ತಾಸು ಹೆಣಗಿದರೂ ನನ್ನ ಬಾಯಲ್ಲಿ ಬಂದದ್ದು ಅವಳನ್ನು ಯಾಕೆ ಇಟ್ಟುಕೊಳ್ಳಬೇಕು ಅನ್ನುವುದೇ. ಪ್ರೀತಿ ಮಾಡಿದವನಿಗೆ ಸರಕಾರವಾಗುವುದು ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು. ಅವರೇ ಮುಂದುವರಿಸಿದರು. "ನಿಮ್ಮ ಮಾಮು ಹೇಳೂದು ದಾರಿ ಅಲ್ಲ, ಬಾವಿ. ಅದನ್ನ ಬಿಡು. ನಿಮ್ಮ ಅವ್ವ ಹೇಳೂದು ದಾರಿ ಹೌದು. ಅರ್ಜಿ ಮಂಜೂರ ಆದ್ರ ಆತು. ಆಗದಿದ್ರ? ಮುದ್ದತು ಮುಗಿದ ಮ್ಯಾಲೂ ಹೋಗದಾಕಿ ಅಂತ ಆಕಿ ಹೆಸರಿನ ಮುಂದ ಬೀಳ್ತದ. ಆಮ್ಯಾಲ ಒಂದಿನಾ ಕಳಸೇ ಬಿಡ್ತಾರ, ಮತ್ತ ಬರಗೊಡೂದಿಲ್ಲ."

"ಮತ್ತ ಏನ್ ಮಾಡ್ಬೇಕ್ರಿ?"

"ಲಗ್ನಾ ಇಲ್ಲೇ ಮಾಡ್ರಿ, ಊರು ನೋಡೂ ಹಂಗ. ಅವತ್ತ ಚೌಕಿಗೆ ಹೋಗಿ ಹೇಳ್ರಿ. ಮುದ್ದತು ಮುಗಿಯೂದ್ರಾಗ ಆಕಿ ತನ್ನ ಕಾಲಿಲೆ ಹೊಳ್ಳಿ ಹೋಗ್ಲಿ. ಅಲ್ಲಿಂದ, ನಾ ಇಂಥಾವನ ಹೆಂಡತಿ ಅಂತ ಹೇಳಿ, ಹೊಸಾ ವೀಸಾ ಕೇಳಿ ಬರ್ಲಿ. ನಾಕ ದಿನದ ಪಾವಣ್ಯಾರಾಗಿ ಬಂದಾಕಿ ಪಾವಣ್ಯಾರಾಗೇ ಹೋಗ್ಬೇಕು. ಹೆಂಡತಿ ಆಗಿ ಇರಬೇಕಂದ್ರ ಹೆಂಡತಿ ಅಂತ ಹೇಳೇ ಬರಬೇಕು."

ಮದುವೆಯಾದ ವಾರದಲ್ಲಿ ಹೆಂಡತಿಯನ್ನು ಗಡಿಯಾಚೆ ಕಳಿಸಬೇಕಂತೆ. ನನಗೆ ನಖಶಿಖಾಂತ ಉರಿಯಿತು. ಎರಡು ದೇಶದ ನಡುವಿನ ಬಾಗಿಲು ಎಂದು ಮುಚ್ಚುತ್ತದೆ ಅಂತ ಯಾರಿಗೆ ಗೊತ್ತು, ಮುಚ್ಚಿದರೆ ಎಷ್ಟು ವರ್ಷಕ್ಕೆ ತೆರೆದೀತು ಅಂತಲೂ ಕೇಳಿದೆ. "ಅದು ನನ್ನ ಕೈಯಾಗೂ ಇಲ್ಲ, ನಿನ್ನ ಕೈಯಾಗೂ ಇಲ್ಲ. ಆಕಿ ಕದ್ದು ಉಳದಾಕಿ ಅಲ್ಲ ಅನ್ನೂದಷ್ಟ ನಿನ್ನ ಕೈಯಾಗ ಅದ" ಅಂದರು.

"ನಿಮ್ಮ ಮಗಳಾಗಿದ್ರ ಕಳಸ್ತಿದ್ರೇನ್ರಿ?" ಅಂದುಬಿಟ್ಟೆ.

ಕಿವಿಯ ಮುತ್ತುಗಳು ಅಲುಗಿದವು. ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು. "ಕಳಸ್ತಿದ್ದೆ," ಅಂದರು. "ಅಳಕೋಂತ ಕಳಸ್ತಿದ್ದೆ."

ಅವರ ಮಾತು ನನ್ನ ತಲೆಗೆ ಹೋಯಿತು, ಎದೆಗೆ ಇಳಿಯಲಿಲ್ಲ. ಅವ್ವ ಹೇಳಿದ ಹಾಗೆಯೇ ಮಾಡುವುದೆಂದು ಮದುವೆಯ ತಯಾರಿಗೆ ಇಳಿದೆವು. ಅಲ್ಲಿಯೇ ನಾವು ಎಡವಿದ್ದು, ಅದೂ ನಮ್ಮ ಊರಿನವರು ಮಾತ್ರ ಎಡವಬಹುದಾದ ರೀತಿಯಲ್ಲಿ.

ನಮ್ಮ ಮನೆತನದಲ್ಲಿ ಮದುಮಗಳ ಸೀರೆಯನ್ನು ಅಂಗಡಿಯಿಂದ ತರುವುದಿಲ್ಲ. ಮದುಮಗನ ಸೋದರತ್ತೆ ತನ್ನ ಮಗ್ಗದಲ್ಲಿ ನೇಯಬೇಕು. ಸೀರೆ ಮುಗಿಯುವ ದಿನ ಮದುಮಗಳು ಬಂದು ಆ ಮಗ್ಗದಲ್ಲಿ ಕೂತು, ಕೊನೆಯ ನಾಲ್ಕು ಎಳೆಗೆ ತಾನೇ ಲಾಳಿ ಎಸೆದು, ತನ್ನ ಕೈಯಿಂದಲೇ ಸೀರೆ ಕೊಯ್ದು ಇಳಿಸಬೇಕು. ನನ್ನ ಸೋದರತ್ತೆಯ ಮಗ್ಗ ಇದ್ದದ್ದು ಬನಹಟ್ಟಿಯಲ್ಲಿ. ಬನಹಟ್ಟಿ ಅಂದರೆ ನಮಗೆ ಬೇರೆ ಊರಲ್ಲ. ರಬಕವಿಯಿಂದ ಹೊರಟು ಬನಹಟ್ಟಿಗೆ ನಡೆದು ಹೋದರೆ ಮಗ್ಗದ ಸಪ್ಪಳ ದಾರಿಯುದ್ದಕ್ಕೂ ಕಿವಿ ಬಿಡುವುದಿಲ್ಲ. ಎರಡಕ್ಕೂ ಮುನಸಿಪಾಲ್ಟಿ ಒಂದೇ, ಹೆಸರೂ ಒಂದೇ ಉಸಿರಿನಲ್ಲಿ ಹೇಳುವಂಥದ್ದು. ಮದುವೆಮನೆಯ ಕೆಲಸಕ್ಕೆ ಅವ್ವ, ಖಾಲಾ ಮನೆಯಲ್ಲೇ ಉಳಿದರು. ಮಿಕ್ಕ ಹೆಂಗಸರೆಲ್ಲ ಸೇರಿ ಹುಡುಗಿಯ ತಲೆಗೆ ಹೂವು ಮುಡಿಸಿ, ಹಾಡುತ್ತ ನಡೆಸಿಕೊಂಡು ಹೋದರು. ಸೀರೆ ಇಳಿಯಿತು, ಊಟವಾಯಿತು, ಅತ್ತೆ ಬಿಡಲಿಲ್ಲ, ರಾತ್ರಿ ಅಲ್ಲೇ ಮಲಗಿದರು. ಕನ್ನಡ ಮಾಸ್ತರನಾದ ನಾನೂ, ವೀಸಾವನ್ನು ಹತ್ತು ಸಲ ಓದಿದವನು, ಬಾಗಿಲಲ್ಲಿ ನಿಂತು ನಗುತ್ತ ಕಳಿಸಿಕೊಟ್ಟೆ.

ಮರುದಿನ ಬೆಳಿಗ್ಗೆ ಹವಾಲ್ದಾರ ಎಂದಿನ ಹಾಗೆ ಬಂದ. ಅವ್ವ ಅವನಿಗೆ ಚಹಾ ಕೊಟ್ಟು ಹೆಮ್ಮೆಯಿಂದ ಹೇಳಿದಳು: "ಹುಡುಗಿ ಮನ್ಯಾಗಿಲ್ರಿ. ನಿನ್ನೇನ ಬನಹಟ್ಟಿಗೆ ಹೋಗ್ಯಾಳ, ಸೀರಿ ಇಳಸಾಕ. ಭಾಳ ಛಲೋ ಸೀರಿ ಬಂದೇತ್ರಿ." ಹವಾಲ್ದಾರ ಬಸಿಯಲ್ಲಿದ್ದ ಚಹಾವನ್ನು ಹಾಗೇ ಇಟ್ಟ. ಅವನೂ ನಮ್ಮ ಊರಿನವನೇ, ಕೆಟ್ಟವನಲ್ಲ. "ಏನ್ ಮಾಡಿದ್ರೆವಾ ಇದು" ಅಂದು ಎದ್ದು ಹೋದ. ಸಂಜೆಯೊಳಗೆ ಚೌಕಿಯಿಂದ ಕರೆ ಬಂತು: ಪರವಾನಗಿ ಇಲ್ಲದ ಊರಿನಲ್ಲಿ ರಾತ್ರಿ ಉಳಿದಿದ್ದಾರೆ, ಫೌಜದಾರರು ಬರುತ್ತಾರೆ, ಬಂದು ಜಬಾಬು ಕೊಡಬೇಕು. ವೀಸಾ ರದ್ದಾಗಬಹುದು, ಹಾಗೇನಾದರೂ ಆಯಿತೆಂದರೆ ಅವಳು ಮತ್ತೆ ಈ ದೇಶಕ್ಕೆ ಕಾಲಿಡುವುದು ಕನಸಿನ ಮಾತು ಅಂತ ತಿಳಿದವರು ಹೇಳಿದರು. ತುತ್ತು ಬಾಯಿಗೆ ಬಂದಿತ್ತು, ನಾವೇ ಕೈ ಜಾಡಿಸಿದ್ದೆವು.

ಮಾಮುವಿನ ಹತ್ತಿರ ಇದಕ್ಕೂ ಉಪಾಯ ಇತ್ತು. "ಹೋಗೇ ಇಲ್ಲ ಅಂತ ಹೇಳೂದು. ಆಜುಬಾಜು ಮನಿಯವರು ಸಾಕ್ಷಿ ಹೇಳ್ತಾರ." ಹೇಳುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ನಮ್ಮ ಓಣಿ ಅಂಥದ್ದು. ನಾನು ಜಮಖಂಡಿ ಬಸ್ಸು ಹತ್ತಿದೆ. ವಕೀಲರು ಎಲ್ಲ ಕೇಳಿದರು, ಶೇಂಗಾ ಬಿಡಿಸಲಿಲ್ಲ. "ಆಕಿನ್ನ ಇಲ್ಲಿಗೆ ಕರಕೊಂಡ ಬಾ ಅಂದ್ರ ಅದೂ ತಪ್ಪಾಗ್ತದ. ನಾನ ಬರ್ತೀನಿ" ಅಂದು ಕೋಟು ತೊಟ್ಟರು.

ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಬಂದು ಅಪ್ಪನ ಕುರ್ಚಿಯಲ್ಲಿ ಕೂತು ನೀರು ಕೇಳಿದರು. ಅವ್ವ ಎದುರು ಮನೆಯ ಲಿಂಗಾಯತರಲ್ಲಿಗೆ ತಂಬಿಗೆ ಹಿಡಿದು ಓಡಲು ಹೊರಟಳು. "ಯಾಕ, ನಿಮ್ಮ ಮನ್ಯಾಗ ನೀರಿಲ್ಲೇನು?" ಅಂದರು ವಕೀಲರು. ಅವ್ವ ತಂದುಕೊಟ್ಟ ನೀರನ್ನು ಕಚ್ಚಿ ಕುಡಿದು ಲೋಟ ಕೆಳಗಿಟ್ಟರು. ಈಗ ಬರೆಯುವಾಗಲೂ ನನ್ನ ಕಣ್ಣು ಮಂಜಾಗುತ್ತದೆ.

ಆಮೇಲೆ ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡರು. "ತಂಗೀ, ನೀ ಈಗ ಫೌಜದಾರ. ಈ ಹುಡುಗಿದು ತಪ್ಪೇನು, ಹೇಳು."

ನಾನು ಅವಳ ಪರವಾಗಿ ಹೆದರಿದೆ. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಈಕಿಗೆ ನಾವು ಒಂದೂರು ಕೊಟ್ಟಿದ್ವಿ. ಈಕಿ ಎರಡೂರು ತಿರಗ್ಯಾಳ. ಬನಹಟ್ಟಿಗೆ ಯಾಕ ಹೋಗಬಾರದು ಅಂತ ಈಕಿ ಕೇಳಬಹುದು. ಅದಲ್ಲ ಮಾತು. ಹೇಳದ ಹೋದ್ಳು. ಇವತ್ತ ಹೇಳದ ಬನಹಟ್ಟಿಗೆ ಹೋದಾಕಿ, ನಾಳೆ ಹೇಳದ ಎಲ್ಲಿಗೆ ಹೊಕ್ಕಾಳೋ, ನನಗ ಹೆಂಗ ಗೊತ್ತಾಗಬೇಕು? ಈಕಿ ಒಳ್ಳೆಯಾಕೀನ ಇರಬಹುದು. ಒಳ್ಳೆತನಾ ನನಗ ಕಾಣೂದಿಲ್ಲ, ಹೇಳಿದ್ದಷ್ಟ ನನಗ ಕೇಳ್ತೈತಿ." ಇಷ್ಟು ಹೇಳಿ, ತಾನೇ ಹೇಳಿದ್ದಕ್ಕೆ ತಾನೇ ಹೆದರಿದವಳಂತೆ ತಲೆ ತಗ್ಗಿಸಿದಳು.

ವಕೀಲರು ನನ್ನ ಕಡೆ ತಿರುಗಿದರು. "ಮಾಸ್ತರ, ನಿನಗ ಒಂದ ತಾಸಿನಾಗ ಬರಲಿಲ್ಲ ನೋಡು. ಈಕಿ ಸರಕಾರಿ ವಕೀಲಳು." ಅಂದಿನಿಂದ ಕೊನೆಯವರೆಗೂ ಅವಳಿಗೆ ಅವರಿಟ್ಟ ಹೆಸರು ಅದೇ.

ಫೌಜದಾರರ ಮುಂದೆ ಅವಳು ಏನನ್ನೂ ಮುಚ್ಚಲಿಲ್ಲ. ಹೋದದ್ದು ನಿಜ, ಉಳಿದದ್ದು ನಿಜ, ಇಂಥವರ ಮನೆಯಲ್ಲಿ, ಇಂಥ ಕೆಲಸಕ್ಕೆ. ಹೇಳದೆ ಹೋದದ್ದು ತಪ್ಪು. ವಕೀಲರು ಹೆಚ್ಚು ವಾದ ಮಾಡಲಿಲ್ಲ. ಒಂದೇ ಒಂದು ಕೇಳಿಕೊಂಡರು: "ಸಾಹೇಬರ, ಈ ಮನಿಯಿಂದ ಆ ಅತ್ತಿ ಮನಿತನಕಾ ನನ್ನ ಜೊತಿ ನಡೀರಿ. ಈ ಊರು ಎಲ್ಲಿ ಮುಗೀತು, ಆ ಊರು ಎಲ್ಲಿ ಹತ್ತಿತು, ನನಗ ತೋರಸ್ರಿ." ಫೌಜದಾರರು ದೂರದಿಂದ ವರ್ಗವಾಗಿ ಬಂದವರು, ಹೊಸಬರು. ನಡೆದರು. ಬಿಸಿಲಲ್ಲಿ ಒಬ್ಬರು ಕರಿ ಕೋಟು, ಒಬ್ಬರು ಖಾಕಿ, ಹಿಂದೆ ನಾನು. ಅರ್ಧ ದಾರಿಯಲ್ಲಿ ನೂಲು ಒಣಹಾಕುತ್ತಿದ್ದ ಒಬ್ಬ ಮುದುಕನನ್ನು ನಿಲ್ಲಿಸಿ ಫೌಜದಾರರೇ ಕೇಳಿದರು, ಇದು ಯಾವ ಊರು ಅಂತ. ಮುದುಕ ಇವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನೀವು ಯಾವ ಕಡಿಂದ ಬಂದ್ರಿ, ಅದರ ಮ್ಯಾಲ್ರಿ" ಅಂದ. ಫೌಜದಾರರು ಮೊದಲ ಸಲ ನಕ್ಕರು.

ಮೇಲಿನ ಕಚೇರಿಗೆ ಏನು ಬರೆದರೋ ನನಗೆ ತಿಳಿಯದು. ವೀಸಾ ರದ್ದಾಗಲಿಲ್ಲ, ತಾಕೀತು ಮಾಡಿ ಬಿಟ್ಟರು. ಆದರೆ ಇಂಥದೊಂದು ಆದ ಮೇಲೆ ಮುದ್ದತು ಹೆಚ್ಚಿಸಿ ಅಂತ ಕೇಳುವ ಮುಖ ನಮಗೆ ಉಳಿಯಲಿಲ್ಲ. ಅವ್ವನ ದಾರಿ ಮುಚ್ಚಿತ್ತು. ಉಳಿದದ್ದು ವಕೀಲರ ದಾರಿ, ನಾನು ಉರಿದುಬಿದ್ದು ಬಂದಿದ್ದ ಆ ದಾರಿ. ಅವರು "ನಾ ಅವತ್ತ ಹೇಳಿದ್ದಿಲ್ಲೇನು" ಅನ್ನಲಿಲ್ಲ. ಅನ್ನದವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರು?

ನಿಕಾಹ ಆಯಿತು. ಆ ಸೀರೆ ಉಟ್ಟೇ ಚೌಕಿಗೆ ಬಂದು ಅವಳು, "ನನ್ನ ಲಗ್ನಾ ಆತ್ರಿ" ಅಂತ ಹವಾಲ್ದಾರನಿಗೆ ಹೇಳಿದಳು. ಅವನು ಎದ್ದು ನಿಂತು, "ಸುಖವಾಗಿರವಾ" ಅಂದ. ಹೊಸ ಮದುವೆಯ ಅರಿಸಿನ ಕೈಯಿಂದ ಹೋಗುವ ಮೊದಲೇ ಕುಡಚಿ ಸ್ಟೇಷನ್ನಿನಲ್ಲಿ ತಾಯಿ ಮಗಳನ್ನು ರೈಲು ಹತ್ತಿಸಿದೆ. ಅವಳು ಅಳಲಿಲ್ಲ. "ಹೊಳ್ಳಿ ಬರ್ತೀನ್ರಿ, ಹೇಳೇ ಬರ್ತೀನಿ" ಅಂದಳು. ಅತ್ತದ್ದು ನಾನು, ಶಾಲೆಯ ಹುಡುಗರಿಗೆ ಕರುಣರಸ ಪಾಠ ಮಾಡುವವನು.

ಒಂದು ಮಳೆಗಾಲ ಹೋಯಿತು, ಮತ್ತೊಂದು ಬಂತು. ಅಲ್ಲಿ ಅವಳು ವೀಸಾ ಕಚೇರಿಯ ಬಾಗಿಲಿಗೆ ಅಲೆಯುತ್ತಿದ್ದಳು. ಇಲ್ಲಿ ಬಿಜಾಪುರದ ಜಿಲ್ಲಾ ಕಚೇರಿಯಿಂದ ವಿಚಾರಣೆ ಬಂತು. ಹವಾಲ್ದಾರ ಬಂದು ಬರೆದುಕೊಂಡು ಹೋದ. ಆಮೇಲೆ ಮೌನ. ರಜೆಯ ದಿನ ನಾನು ಜಮಖಂಡಿಗೆ ಹೋಗುತ್ತಿದ್ದೆ. ವಕೀಲರು ಕೋಲು ಹಿಡಿದು ನನ್ನನ್ನು ರಾಮತೀರ್ಥದ ಗುಡ್ಡದ ಕಡೆ ನಡೆಸಿಕೊಂಡು ಹೋಗುತ್ತಿದ್ದರು. ಕರಾಚಿಯ ಮಾತು ಎತ್ತುತ್ತಲೇ ಇರಲಿಲ್ಲ. ಈ ವರ್ಷ ಜೋಳ ಹೇಗೆ, ಶಾಲೆಯಲ್ಲಿ ಹುಡುಗರು ಹೇಗೆ ಓದುತ್ತಾರೆ, ಮುಧೋಳದ ಕಡೆಯ ಕಕ್ಷಿದಾರನೊಬ್ಬ ನಾಯಿಯ ಪಾಲಿಗಾಗಿ ತಮ್ಮನ ಮೇಲೆ ದಾವೆ ಹೂಡಲು ಬಂದದ್ದು, ಇಂಥವೇ. ನಗಿಸಿ ಮನೆಗೆ ಕಳಿಸುತ್ತಿದ್ದರು.

ಒಂದು ದಿನ ಮಾತ್ರ ನನಗೆ ನಗು ಬರಲಿಲ್ಲ. ಅವಳನ್ನು ಕಳಿಸಿ ತಪ್ಪು ಮಾಡಿದೆವು, ಮಾಮು ಹೇಳಿದ ಹಾಗೆ ಒಳಗೇ ಇಟ್ಟುಕೊಂಡಿದ್ದರೆ ಇಷ್ಟು ಹೊತ್ತಿಗೆ ಮಗು ಆಡುತ್ತಿತ್ತು ಅಂದೆ. ವಕೀಲರು ಒಂದು ಬಂಡೆಯ ಮೇಲೆ ಕೂತರು. ಕೋಲನ್ನು ಪಕ್ಕಕ್ಕಿಟ್ಟರು. ಆಮೇಲೆ, "ಮಾಸ್ತರ, ನಾನೂ ಹೆದರೇನಿ" ಅಂದರು. "ಕೇಸಿನ್ಯಾಗ ಸೋತ್ರ ಮ್ಯಾಲಿನ ಕೋರ್ಟ್ ಅದ. ಇದರಾಗ ನಾ ತಪ್ಪಿದ್ರ ನಿನಗ ಮ್ಯಾಲಿನ ಕೋರ್ಟ್ ಇಲ್ಲ. ಮನ್ಯಾಗ ನಮ್ಮಾಕಿ ದಿನಾ ಕೇಳ್ತಾಳ, ಆ ಹುಡುಗಿ ಬಂತೇನು ಅಂತ. ಏನ್ ಹೇಳ್ಲಿ ಆಕಿಗೆ?" ಅಷ್ಟು ದೊಡ್ಡ ಮನುಷ್ಯ ನನ್ನಂಥವನ ಮುಂದೆ ಹೀಗೆ ಅಂದದ್ದು ನನಗೆ ಯಾವ ಧೈರ್ಯದ ಮಾತಿಗಿಂತಲೂ ಹೆಚ್ಚು ಧೈರ್ಯ ಕೊಟ್ಟಿತು. ಕಾಯುವವನು ನಾನೊಬ್ಬನೇ ಅಲ್ಲ ಅಂತ ತಿಳಿಯಿತು.

ಅವಳು ಬಂದಳು. ಎರಡನೆಯ ಮಳೆಗಾಲ ಮುಗಿದು ಜೋಳ ಬಿತ್ತುವ ಹೊತ್ತಿಗೆ, ಅದೇ ಕುಡಚಿ ಸ್ಟೇಷನ್ನಿನಲ್ಲಿ, ಒಬ್ಬಳೇ ಇಳಿದಳು. ಈ ಸಲದ ವೀಸಾದಲ್ಲಿ ರಬಕವಿಯ ಜೊತೆ ಬನಹಟ್ಟಿ, ಜಮಖಂಡಿ, ಬಿಜಾಪುರ ಎಲ್ಲ ಇದ್ದವು. ಅದೂ ವಕೀಲರ ಕಾರುಬಾರೇ. ಕೇಳುವಾಗ ಯಾವ ಊರನ್ನೂ ಬಿಡಬೇಡ ಅಂತ ಅವರು ಹೇಳಿ ಕಳಿಸಿದ್ದರು. "ಬಾಜೂ ಹಳ್ಳಿ ಚಿಮ್ಮಡನೂ ಹಾಕಬೇಕಿತ್ತು, ನಿಮ್ಮ ಮಂದಿನ್ನ ನಂಬಾಕ ಬರೂದಿಲ್ಲ" ಅಂತ ಆಮೇಲೆ ಛೇಡಿಸಿದರು.

ಅವಳನ್ನು ಮೊದಲ ಸಲ ಅವರ ಮನೆಗೆ ಕರೆದುಕೊಂಡು ಹೋದಾಗ ಅವಳು ಪಡಸಾಲೆಯಲ್ಲಿ ಕೂಡದೆ ನೇರವಾಗಿ ಅಡಿಗೆಮನೆಯ ಹೊಸ್ತಿಲ ಹೊರಗೆ ಹೋಗಿ ಕೂತಳು. ಒಳಗಿನಿಂದ ವಕೀಲರ ಹೆಂಡತಿ, ಹೊರಗಿನಿಂದ ಇವಳು, ಇಬ್ಬರದ್ದೂ ಹಳೆಯ ಕನ್ನಡ, ಮುಗಿಯದ ಮಾತು. ಆ ತಾಯಿ ಇವಳ ಬಾಯಲ್ಲಿ ತನ್ನ ಅತ್ತೆಯ ಮಾತು ಕೇಳಿ ಕೇಳಿ ನಗುತ್ತಿದ್ದರು. ಹೊರಡುವಾಗ ಎಲ್ಲರಿಗೂ ಒಂದೇ ಥರದ ಹಿತ್ತಾಳೆ ಲೋಟದಲ್ಲಿ ಚಹಾ ಬಂತು. ಗೂಡಿನ ಸ್ಟೀಲಿನ ಲೋಟವನ್ನು ಆಮೇಲೆ ನಾನು ಕಾಣಲಿಲ್ಲ.

ಇನ್ನು ಮುಂದಿನದು ವರ್ಷ ವರ್ಷದ ಕೆಲಸ. ಅವಳ ಇರುವಿಕೆಯ ಪರವಾನಗಿಯನ್ನು ವರ್ಷಕ್ಕೊಮ್ಮೆ ಬಿಜಾಪುರಕ್ಕೆ ಹೋಗಿ ಹೊಸದು ಮಾಡಿಸಬೇಕು. ಒಂದು ಸಲವೂ ತಡ ಮಾಡಲಿಲ್ಲ. ಎರಡು ಮಕ್ಕಳಾದರು. ಮಕ್ಕಳು ಭಾರತದವರು, ತಾಯಿ ಇನ್ನೂ ಅಲ್ಲ. ಅವಳೂ ಇಲ್ಲಿಯವಳೇ ಅಂತ ಅಧಿಕೃತವಾಗಿ ಆಗುವ ಹೊತ್ತಿಗೆ ತೊಂಬತ್ತರ ದಶಕ ಬಂದಿತ್ತು, ವಕೀಲರು ಇರಲಿಲ್ಲ. ಇದ್ದಿದ್ದರೆ ಒಂದು ಬುಟ್ಟಿ ಶೇಂಗಾ ಬಿಡಿಸುತ್ತಿದ್ದರು. ಮದುವೆ ಮಾಡಿಸಿದವರು ಬಹಳ ಜನ. ಮದುವೆಯನ್ನು ಉಳಿಸಿದವರು ಅವರೊಬ್ಬರು. ನಮ್ಮ ಮನೆಯಲ್ಲಿ ಇಂದಿಗೂ ಯಾರೂ ಯಾರಿಗೂ ಹೆದರಿ ಬಾಗಿಲು ಹಾಕಿಕೊಂಡು ಕೂತಿಲ್ಲ. ಆ ಋಣವನ್ನು ನಾನು ತೀರಿಸಲಾರೆ, ತೀರಿಸುವ ಆಸೆಯೂ ಇಲ್ಲ.

ಅವರು ಹೋದ ದಿನದ ಒಂದು ಮಾತನ್ನು ಮಾತ್ರ ಹೇಳಬೇಕು. ಆ ವರ್ಷ ಅರ್ಜಿ ವೇಳೆಗೆ ಸರಿಯಾಗಿ ಕೊಟ್ಟಿದ್ದರೂ, ಅವಳ ಪರವಾನಗಿಯ ಅವಧಿ ಮುಗಿದು ಹೊಸದು ಬರುವುದಿತ್ತು. ಅದು ಬರುವವರೆಗೆ ಹೇಳದೆ ಊರು ಬಿಡಬೇಡಿ ಅಂತ ಚೌಕಿಯಲ್ಲಿ ತಿಳಿಸಿದ್ದರು. ಬೆಳಿಗ್ಗೆ ಜಮಖಂಡಿಯಿಂದ ಬಂದವರು ಸುದ್ದಿ ಹೇಳಿದರು. ನಾನು ಚಪ್ಪಲಿ ಮೆಟ್ಟಿ ನಿಂತೆ, ಬಸ್ಸಿಗೆ ಹೊತ್ತಾಗಿತ್ತು. ಅವಳು ಸೆರಗು ಹೊದ್ದು ಹೊರಬಿದ್ದವಳು ಬಸ್ ಸ್ಟ್ಯಾಂಡಿನ ಕಡೆ ತಿರುಗಲಿಲ್ಲ, ಚೌಕಿಯ ಕಡೆ ತಿರುಗಿದಳು.

ಚೌಕಿಯಲ್ಲಿ ಯಾರೂ ಇರಲಿಲ್ಲ. ಹವಾಲ್ದಾರ ಬಂದೋಬಸ್ತಿಗೆ ಹೋಗಿದ್ದಾನೆ, ಬರುತ್ತಾನೆ ಅಂತ ಎದುರಿನ ಅಂಗಡಿಯವರು ಅಂದರು. ಅವಳು ಬೆಂಚಿನ ಮೇಲೆ ಕೂತಳು. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ನಾನು ಸಹನೆಗೆಟ್ಟು, "ಮಣ್ಣಿಗೆ ಹೋಗೂದಕ್ಕ ಯಾರ್ ಕೇಳ್ತಾರ? ಅವರ ಮುಖಾನೂ ಸಿಗೂದಿಲ್ಲ, ಏಳು" ಅಂದೆ.

ಅವಳು ನನ್ನನ್ನು ನೋಡಿದಳು. "ಅವರ ಮನಿಗೆ ಕದ್ದು ಹೋಗ್ಲಿ ಅಂತೀರೇನ್ರಿ?"

ನಾನು ಅವಳ ಪಕ್ಕದಲ್ಲಿ ಕೂತೆ. ಹವಾಲ್ದಾರ ಬಂದ, ಕೇಳಿದ, ಬರೆದುಕೊಂಡ, "ಹೋಗಿ ಬರ್ರಿ" ಅಂದ. ನಾವು ಜಮಖಂಡಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಂಡಸರು ಸುಡುಗಾಡಿನಿಂದ ಬಂದು ಸ್ನಾನ ಮಾಡುತ್ತಿದ್ದರು. ಪಡಸಾಲೆ ತೊಳೆದಿದ್ದರು. ಆ ತಾಯಿ ಒಳಗಿನ ಗೋಡೆಗೆ ಒರಗಿ ಕೂತಿದ್ದರು. ನನ್ನ ಹೆಂಡತಿ ಹೋಗಿ ಅವರ ಹತ್ತಿರ ಕೂತಳು.

"ಯಾಕ ಇಷ್ಟು ತಡಾ ಮಾಡಿದೆವಾ? ನಿನ್ನ ದಾರಿ ನೋಡಿ, ಸ್ವಲ್ಪ ತಡೀರಿ ಅಂತ ನಾ ಹೇಳ್ದೆ. ಮಂದಿ ಕೇಳಲಿಲ್ಲ" ಅಂದರು ಅವರು.

"ಚೌಕಿಗೆ ಹೇಳಿ ಬಂದ್ನಿರಿ. ಹವಾಲ್ದಾರ ಇರಲಿಲ್ಲ, ಬರೂತನಕಾ ಕುಂತಿದ್ನಿ."

ಆ ತಾಯಿ ಅವಳ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, "ಹಂಗಾದ್ರ ತಡಾ ಆಗಿಲ್ಲ ಬಿಡು" ಅಂದರು.